ಗೌರವಧನ ಮತ್ತು ದಣಿವು: ಕರ್ನಾಟಕದ ಅಂಗನವಾಡಿ ದುಡಿಮೆಯ ಚರಿತ್ರೆ

ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು 1975ರ ಅಕ್ಟೋಬರ್ 2ರಂದು ದೇಶದ 33 ಬ್ಲಾಕುಗಳಲ್ಲಿ ಪ್ರಾಯೋಗಿಕವಾಗಿ ಆರಂಭವಾದಾಗ ಕರ್ನಾಟಕದಿಂದ ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಅಲ್ಲಿ ತೆರೆದ 100 ಅಂಗನವಾಡಿ ಕೇಂದ್ರಗಳಿಂದ ಮೊದಲಾಗಿ ನಾಡಿನ ಉದ್ದಗಲಕ್ಕೂ ಹಬ್ಬಿದ ಈ ವ್ಯವಸ್ಥೆಯ ಚರಿತ್ರೆಯನ್ನು ಸಾಮಾನ್ಯವಾಗಿ ಮಕ್ಕಳ ತೂಕ, ಲಸಿಕೆ, ಆಹಾರ, ಹಾಜರಾತಿಗಳ ಲೆಕ್ಕದಲ್ಲಿ ಹೇಳಲಾಗುತ್ತದೆ. ಕೇಂದ್ರಗಳನ್ನು ನಡೆಸಿಕೊಂಡು ಬಂದ ಕಾರ್ಯಕರ್ತೆ ಮತ್ತು ಸಹಾಯಕಿಯರ ದಣಿವು ಆ ಲೆಕ್ಕದಲ್ಲಿ ಕಾಣಿಸುವುದು ಕಡಿಮೆ. ಚಿಕ್ಕ ಮಕ್ಕಳ ಶಿಕ್ಷಕಿಯರು ತಮ್ಮ ಆರೋಗ್ಯವನ್ನು ತಾವೇ ಕಾಪಾಡಿಕೊಳ್ಳಬೇಕೆಂಬ ಉಪದೇಶ ಹೆಚ್ಚುತ್ತಿರುವ ಈ ಕಾಲದಲ್ಲಿ, ಅವರ ಬಳಲಿಕೆಯ ಬೀಜವು ಹುದ್ದೆಯನ್ನು ರೂಪಿಸಿದ ಕ್ರಮದಲ್ಲೇ ಇತ್ತೆಂಬುದನ್ನು ಈ ಅರ್ಧ ಶತಮಾನದ ದಾಖಲೆ ತೋರಿಸಿಕೊಡುತ್ತದೆ.

ಹುದ್ದೆಯ ಹಿಂದೆ ಒಂದು ಆದರ್ಶವಿತ್ತು. ಶಿಕ್ಷಣತಜ್ಞ ಗಿಜುಭಾಯಿ ಬಧೇಕಾ ಅವರು 1920ರಲ್ಲಿ ಗುಜರಾತಿನ ಭಾವನಗರದಲ್ಲಿ ಬಾಲಮಂದಿರವನ್ನು ತೆರೆದರು. ಅವರ ಸಹವರ್ತಿಯಾಗಿದ್ದ ತಾರಾಬಾಯಿ ಮೋಡಕ್ ಅವರು 1945ರಲ್ಲಿ ಮಹಾರಾಷ್ಟ್ರದ ಕರಾವಳಿಯ ಬೋರ್ಡಿ ಎಂಬ ಹಳ್ಳಿಗೆ ಹೋಗಿ, ಅನುತಾಯಿ ವಾಘ್ ಅವರ ಜತೆಗೂಡಿ, ಬಡಕುಟುಂಬಗಳ ಮಕ್ಕಳಿಗಾಗಿ ಬಾಲವಾಡಿ ನಡೆಸಿದರು. ಮಕ್ಕಳು ಶಾಲೆಗೆ ಬಾರದಿದ್ದರೆ ಶಾಲೆಯೇ ಅವರ ಮನೆಯಂಗಳಕ್ಕೆ ಹೋಗಬೇಕೆಂಬ ಚಿಂತನೆ ಅಲ್ಲಿ ಬೆಳೆಯಿತು. 1953ರಲ್ಲಿ ದುರ್ಗಾಬಾಯಿ ದೇಶಮುಖ್ ಅವರ ಅಧ್ಯಕ್ಷತೆಯಲ್ಲಿ ಸ್ಥಾಪನೆಯಾದ ಕೇಂದ್ರ ಸಮಾಜ ಕಲ್ಯಾಣ ಮಂಡಳಿಯು ಸ್ವಯಂಸೇವಾ ಸಂಸ್ಥೆಗಳಿಗೆ ಅನುದಾನ ಕೊಟ್ಟು ಬಾಲವಾಡಿಗಳನ್ನು ಪೋಷಿಸಿತು. ಕರ್ನಾಟಕದಲ್ಲಿಯೂ ಮಹಿಳಾ ಸಮಾಜಗಳು ಶಿಶುವಿಹಾರಗಳನ್ನು ನಡೆಸುತ್ತಿದ್ದವು. ಈ ಪರಂಪರೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವವಳು ಸೇವಿಕೆ, ಅವಳ ಕೆಲಸ ತ್ಯಾಗ. ಸಂಕಲ್ಪ ಮಾಡಿ ಬದುಕನ್ನೇ ಮುಡಿಪಿಟ್ಟ ಕೆಲವರಿಗೆ ಒಪ್ಪುವ ಈ ಭಾವನೆಯನ್ನು ಸರ್ಕಾರವು ಲಕ್ಷಾಂತರ ಮಹಿಳೆಯರಿಗೆ ಸೇವಾಷರತ್ತಾಗಿ ವಿಧಿಸಿದಾಗ ಅದರ ಅರ್ಥವೇ ಬದಲಾಯಿತು.

1975ರ ಯೋಜನೆಯಲ್ಲಿ ಅಂಗನವಾಡಿ ಕಾರ್ಯಕರ್ತೆಯು ಸ್ಥಳೀಯ ಸಮುದಾಯದಿಂದ ಆರಿಸಿಬಂದ ‘ಗೌರವ ಕಾರ್ಯಕರ್ತೆ’, ಅಂದರೆ ಸಂಬಳದ ನೌಕರಳಲ್ಲದೆ ಸಮಾಜಸೇವೆಗಾಗಿ ತನ್ನ ಬಿಡುವಿನ ವೇಳೆಯನ್ನು ಕೊಡುವವಳು. ಆದ್ದರಿಂದ ಅವಳಿಗೆ ಸಲ್ಲುತ್ತಿದ್ದುದು ವೇತನವಲ್ಲ, ಗೌರವಧನ: ಮೆಟ್ರಿಕ್ ಮುಗಿಸಿದವರಿಗೆ ತಿಂಗಳಿಗೆ 150 ರೂಪಾಯಿ, ಮುಗಿಸದವರಿಗೆ 100 ರೂಪಾಯಿ, ಸಹಾಯಕಿಗೆ 35 ರೂಪಾಯಿ. ಇದಕ್ಕೆ ಪ್ರತಿಯಾಗಿ ಅವಳಿಂದ ನಿರೀಕ್ಷಿಸಿದ್ದು ಪೂರಕ ಪೌಷ್ಟಿಕ ಆಹಾರ, ಶಾಲಾಪೂರ್ವ ಶಿಕ್ಷಣ, ಪೌಷ್ಟಿಕತೆ ಮತ್ತು ಆರೋಗ್ಯದ ತಿಳಿವಳಿಕೆ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಮೇಲಿನ ಆಸ್ಪತ್ರೆಗೆ ಕಳುಹಿಸುವ ಶಿಫಾರಸು ಸೇವೆ ಎಂಬ ಆರು ಬಗೆಯ ಸೇವೆಗಳ ನಿರ್ವಹಣೆ ಇಲ್ಲವೇ ಅವುಗಳಿಗೆ ನೆರವು. ಸಾವಿರ ಜನಸಂಖ್ಯೆಗೆ ಒಂದು ಕೇಂದ್ರವೆಂಬ ಮೂಲ ಮಾನದಂಡದ ಪ್ರಕಾರ ಈ ಹೊಣೆಯೆಲ್ಲ ಇಬ್ಬರು ಹೆಂಗಸರ ಮೇಲೆ ಬಿತ್ತು. ಕೆಲಸವನ್ನು ಬಿಡುವಿನ ವೇಳೆಯ ಸೇವೆ ಎಂದು ಎಣಿಸಿದ್ದರಿಂದ ಅದಕ್ಕೆ ಮಿತಿ ಹಾಕಬೇಕೆಂಬ ಯೋಚನೆಯೂ ಹುಟ್ಟಲಿಲ್ಲ.

ಮಿತಿಯಿಲ್ಲದ ಹುದ್ದೆಗೆ ಮುಂದಿನ ದಶಕಗಳಲ್ಲಿ ಕೆಲಸಗಳು ಒಂದರ ಮೇಲೊಂದು ಸೇರುತ್ತ ಹೋದವು. ಕರ್ನಾಟಕದಲ್ಲಿ 2000-01ರಲ್ಲಿ ಆರಂಭವಾದ ಸ್ತ್ರೀಶಕ್ತಿ ಯೋಜನೆಯ ಸ್ವಸಹಾಯ ಸಂಘಗಳನ್ನು ಕಟ್ಟುವ ಹೊಣೆಯೂ, 2006-07ರ ಭಾಗ್ಯಲಕ್ಷ್ಮಿ ಯೋಜನೆಯ ಅರ್ಜಿಗಳ ಕೆಲಸವೂ ಕಾರ್ಯಕರ್ತೆಯ ಪಾಲಿಗೆ ಬಂದವು. 2013ರಲ್ಲಿ ಕ್ಷೀರಭಾಗ್ಯ ಯೋಜನೆಯ ಹಾಲು, 2017ರ ಅಕ್ಟೋಬರ್ 2ರಂದು ರಾಜ್ಯದಾದ್ಯಂತ ಜಾರಿಯಾದ ಮಾತೃಪೂರ್ಣ ಯೋಜನೆಯ ಮೂಲಕ ಗರ್ಭಿಣಿಯರಿಗೂ ಬಾಣಂತಿಯರಿಗೂ ಮಧ್ಯಾಹ್ನದ ಬಿಸಿಯೂಟ ಕೇಂದ್ರಕ್ಕೆ ಬಂದವು. ದಾಖಲಾತಿ ಪುಸ್ತಕಗಳ ಜತೆಗೆ 2021ರಿಂದ ‘ಪೋಷಣ್ ಟ್ರ್ಯಾಕರ್’ ಎಂಬ ಮೊಬೈಲ್ ಆ್ಯಪ್‌ನಲ್ಲಿ ಮಾಹಿತಿ ತುಂಬುವ ಕೆಲಸವೂ ಸೇರಿತು. ಈ ಯೋಜನೆಗಳಲ್ಲಿ ಯಾವುದೂ ನಿರರ್ಥಕವಲ್ಲ. ಆದರೆ ಪ್ರತಿಯೊಂದು ಯೋಜನೆಯೂ ಹಳ್ಳಿಯಲ್ಲಿ ಸರ್ಕಾರಕ್ಕೆ ಸುಲಭವಾಗಿ ಸಿಗುವ ಕೈ ಯಾವುದೆಂದು ಹುಡುಕಿ, ಮತ್ತೆ ಅದೇ ಕಾರ್ಯಕರ್ತೆಯ ಮನೆಬಾಗಿಲಿಗೆ ಬಂದು ನಿಂತಿತು. ಮಕ್ಕಳಿಗೆ ಹಾಡು, ಕತೆ, ಆಟಗಳ ಮೂಲಕ ಕಲಿಸಬೇಕಾದ ಹೊತ್ತು ಇದರಿಂದ ಕಿರಿದಾಯಿತು.

ಅಂಗನವಾಡಿಯ ಕಲ್ಪನೆ ರೂಪುಗೊಳ್ಳುತ್ತಿದ್ದ ವರ್ಷಗಳಲ್ಲೇ ಅಮೆರಿಕದಲ್ಲಿ ಆರೈಕೆಯ ದುಡಿಮೆಯಿಂದ ಬರುವ ಬಳಲಿಕೆಯ ಅಧ್ಯಯನ ಮೊದಲಾಯಿತೆಂಬುದು ಇಲ್ಲಿ ಗಮನಾರ್ಹ. ಮನೋವಿಜ್ಞಾನಿ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ ಅವರು 1974ರಲ್ಲಿ, ಉಚಿತ ಚಿಕಿತ್ಸಾಲಯಗಳಲ್ಲಿ ದುಡಿಯುವವರು ಕ್ರಮೇಣ ಬಸವಳಿಯುವ ಸ್ಥಿತಿಯನ್ನು ‘ಬರ್ನ್‌ಔಟ್’ ಎಂದು ವಿವರಿಸಿದರು. ಕ್ರಿಸ್ಟಿನಾ ಮಾಸ್ಲಾಕ್ ಮತ್ತು ಅಯಾಲಾ ಪೈನ್ಸ್ ಅವರು 1977ರಲ್ಲಿ ಶಿಶುಪಾಲನಾ ಕೇಂದ್ರಗಳ ಸಿಬ್ಬಂದಿಯನ್ನೇ ಅಧ್ಯಯನಕ್ಕೆ ಎತ್ತಿಕೊಂಡು, ಬಳಲಿಕೆಗೆ ಸಂಬಂಧಿಸಿದ ಸಾಂಸ್ಥಿಕ ಅಂಶಗಳನ್ನು ಗುರುತಿಸಿದರು: ಒಬ್ಬರ ಪಾಲಿಗೆ ಬರುವ ಮಕ್ಕಳ ಸಂಖ್ಯೆ, ಕೆಲಸದ ಅವಧಿ, ಮಕ್ಕಳನ್ನು ಇನ್ನೊಬ್ಬರಿಗೆ ಒಪ್ಪಿಸಿ ಸ್ವಲ್ಪ ಹೊತ್ತು ಬಿಡುವು ಪಡೆಯುವ ಅವಕಾಶ, ಸಿಬ್ಬಂದಿ ಸಭೆಗಳು, ದಿನಚರಿಯ ರಚನೆ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣದ 11ನೆಯ ಆವೃತ್ತಿಯು ಬರ್ನ್‌ಔಟನ್ನು ಕಾಯಿಲೆಗಳ ಸಾಲಿಗೆ ಸೇರಿಸದೆ ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನವೆಂದು ಕರೆಯಿತು. ನಿತ್ರಾಣ, ಕೆಲಸದ ಬಗ್ಗೆ ಮನಸ್ಸು ದೂರವಾಗುವುದು, ಕಾರ್ಯಸಾಮರ್ಥ್ಯ ಕುಂದುವುದು ಎಂಬ ಮೂರು ಲಕ್ಷಣಗಳನ್ನು ಅದು ಹೇಳುತ್ತದೆ. ಮಾಸ್ಲಾಕ್ ಮತ್ತು ಪೈನ್ಸ್ ಗುರುತಿಸಿದ ಅಂಶಗಳ ಅಳತೆಗೋಲನ್ನು ಅಂಗನವಾಡಿಗೆ ಹಿಡಿದರೆ, ಬಿಡುವಿನ ಅವಕಾಶವೆಂಬ ಒಂದೇ ಅಂಶ ಸಾಕಷ್ಟನ್ನು ಹೇಳುತ್ತದೆ: ಕಾರ್ಯಕರ್ತೆ ಮನೆಭೇಟಿಗೋ ಸಭೆಗೋ ಹೋದಾಗ ಅಡುಗೆಯನ್ನೂ ಮಕ್ಕಳನ್ನೂ ಸಹಾಯಕಿ ಒಬ್ಬಳೇ ನೋಡಿಕೊಳ್ಳಬೇಕು, ಸಹಾಯಕಿ ರಜೆ ಹಾಕಿದರೆ ಒಲೆಯ ಕೆಲಸವೂ ಕಾರ್ಯಕರ್ತೆಯದು. ವರ್ಷಕ್ಕೆ 20 ದಿನಗಳ ರಜೆಯನ್ನು ನಿಯಮ ಒಪ್ಪಿದ್ದರೂ, ಬದಲಿ ಕೈ ಇಲ್ಲದಿರುವಲ್ಲಿ ಅದನ್ನು ಬಳಸಿಕೊಳ್ಳುವುದು ಸುಲಭವಲ್ಲ.

ದಣಿವಿಗೆ ಪರಿಹಾರವನ್ನು ಈ ಮಹಿಳೆಯರು ಹುಡುಕಿದ್ದು ಸಂಘಟನೆಯಲ್ಲಿ ಮತ್ತು ನ್ಯಾಯಾಲಯದಲ್ಲಿ. ಕರ್ನಾಟಕದಿಂದಲೇ ಹೋದ ಒಂದು ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2006ರ ಡಿಸೆಂಬರ್‌ನಲ್ಲಿ, ಅಂಗನವಾಡಿ ಕಾರ್ಯಕರ್ತೆಯರು ಸರ್ಕಾರದ ನಾಗರಿಕ ಹುದ್ದೆಯಲ್ಲಿರುವವರಲ್ಲವೆಂದು ತೀರ್ಪಿತ್ತಿತು. ಅದೇ ತಿಂಗಳು, ಆಹಾರದ ಹಕ್ಕಿನ ಪ್ರಕರಣದಲ್ಲಿ, ಅದೇ ನ್ಯಾಯಾಲಯವು ದೇಶದಲ್ಲಿ 14 ಲಕ್ಷ ಅಂಗನವಾಡಿಗಳು ಇರಬೇಕೆಂದು ಆದೇಶಿಸಿತು. ಅಂಗನವಾಡಿಯು ಮಗುವಿನ ಹಕ್ಕಾಯಿತು, ಅಂಗನವಾಡಿಯನ್ನು ನಡೆಸುವವಳ ಹಕ್ಕು ಹಿಂದೆ ಉಳಿಯಿತು. 2013ರಲ್ಲಿ 45ನೆಯ ಭಾರತೀಯ ಕಾರ್ಮಿಕ ಸಮ್ಮೇಳನವು ಇಂಥ ಯೋಜನೆಗಳಲ್ಲಿ ದುಡಿಯುವವರನ್ನು ಕಾರ್ಮಿಕರೆಂದು ಪರಿಗಣಿಸಿ ಕನಿಷ್ಠ ವೇತನವನ್ನೂ ಸಾಮಾಜಿಕ ಭದ್ರತೆಯನ್ನೂ ಕೊಡಬೇಕೆಂದು ಶಿಫಾರಸು ಮಾಡಿತು. 2017ರ ಮಾರ್ಚ್‌ನಲ್ಲಿ ರಾಜ್ಯದ ನಾನಾ ಕಡೆಗಳಿಂದ ಬಂದ ಸಾವಿರಾರು ಕಾರ್ಯಕರ್ತೆಯರು ಮತ್ತು ಸಹಾಯಕಿಯರು ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದ ಬಳಿ ಹಗಲಿರುಳು ರಸ್ತೆಯಲ್ಲೇ ಕುಳಿತು ಗೌರವಧನದ ಹೆಚ್ಚಳಕ್ಕೆ ಒತ್ತಾಯಿಸಿದರು. 2018ರ ಅಕ್ಟೋಬರ್‌ನಿಂದ ಕೇಂದ್ರ ಸರ್ಕಾರವು ಕಾರ್ಯಕರ್ತೆಯರ ಗೌರವಧನವನ್ನು 3,000ದಿಂದ 4,500 ರೂಪಾಯಿಗೂ ಸಹಾಯಕಿಯರದನ್ನು 1,500ರಿಂದ 2,250 ರೂಪಾಯಿಗೂ ಏರಿಸಿತು. ಇದಕ್ಕೆ ರಾಜ್ಯಗಳು ತಮ್ಮ ಪಾಲನ್ನು ಸೇರಿಸಿ ಕೊಡುತ್ತವೆ.

ನಿಜವಾದ ತಿರುವು ಬಂದದ್ದು 2022ರ ಏಪ್ರಿಲ್ 25ರಂದು. ಗುಜರಾತಿನ ಕಾರ್ಯಕರ್ತೆಯರ ಮೇಲ್ಮನವಿಯಲ್ಲಿ ಸರ್ವೋಚ್ಚ ನ್ಯಾಯಾಲಯವು, 1972ರ ಉಪದಾನ ಪಾವತಿ ಕಾಯ್ದೆ ಅಂಗನವಾಡಿ ಕಾರ್ಯಕರ್ತೆಯರಿಗೂ ಸಹಾಯಕಿಯರಿಗೂ ಅನ್ವಯಿಸುತ್ತದೆಂದು ಹೇಳಿತು. ಉಪದಾನವೆಂದರೆ ದೀರ್ಘಕಾಲದ ಸೇವೆಯ ಕೊನೆಯಲ್ಲಿ ನೌಕರರಿಗೆ ಸಲ್ಲುವ ಗ್ರಾಚ್ಯುಟಿ ಹಣ. ಅವರ ಕೆಲಸ ಅರೆಕಾಲಿಕವೆಂಬ ವಾದವನ್ನು ನ್ಯಾಯಾಲಯ ಒಪ್ಪಲಿಲ್ಲ, ಗೌರವಧನವು ಆ ಕಾಯ್ದೆಯ ಅರ್ಥದಲ್ಲಿ ವೇತನವೇ ಎಂದಿತು, ಮೂರರಿಂದ ಆರು ವರ್ಷದ ಮಕ್ಕಳಿಗೆ ಅಲ್ಲಿ ನಡೆಯುವುದು ಶೈಕ್ಷಣಿಕ ಚಟುವಟಿಕೆ ಎಂಬುದನ್ನೂ ಗುರುತಿಸಿತು. 1975ರಲ್ಲಿ ಬಿಡುವಿನ ವೇಳೆಯ ಸೇವೆ ಎನಿಸಿಕೊಂಡದ್ದು 47 ವರ್ಷಗಳ ಬಳಿಕ ಪೂರ್ಣ ಪ್ರಮಾಣದ ದುಡಿಮೆಯೆಂದು ದಾಖಲಾಯಿತು.

ಚಿಕ್ಕ ಮಕ್ಕಳ ಶಿಕ್ಷಕಿಯರಿಗೆ ಧ್ಯಾನ, ವ್ಯಾಯಾಮ, ಸಾಕಷ್ಟು ನಿದ್ರೆ ಹಿತವಾದವೇ. ಆದರೆ ಅವುಗಳಿಗೆ ಬೇಕಾದ ಹೊತ್ತನ್ನು ಹುದ್ದೆಯೇ ಕಸಿದುಕೊಂಡಿರುವಾಗ ಸ್ವ-ಆರೈಕೆಯ ಬೋಧನೆಯು ಹಳೆಯ ತ್ಯಾಗದ ಹೊರೆಗೆ ಇನ್ನೊಂದು ಕರ್ತವ್ಯವನ್ನು ಕೂಡಿಸುತ್ತದೆ, ಅಷ್ಟೆ. ಚಿಕ್ಕ ಮಕ್ಕಳ ಆರೈಕೆ ಮತ್ತು ಶಿಕ್ಷಣದ 2013ರ ರಾಷ್ಟ್ರೀಯ ಮಾನದಂಡವು ಮೂರರಿಂದ ಆರು ವರ್ಷದ 20 ಮಕ್ಕಳಿಗೆ ನೋಡಿಕೊಳ್ಳುವವರು ಒಬ್ಬರು ಬೇಕೆಂದು ಹೇಳಿದೆ. ಅದನ್ನು ಪಾಲಿಸುವುದು, ರಜೆಯ ದಿನಕ್ಕೆ ಬದಲಿ ಕೈ ಒದಗಿಸುವುದು, ಕಲಿಕೆಯ ಹೊತ್ತಿನಲ್ಲಿ ಇತರ ಇಲಾಖೆಗಳ ಕೆಲಸವನ್ನು ಹೇರದಿರುವುದು, ದುಡಿಮೆಗೆ ತಕ್ಕ ವೇತನ ಕೊಡುವುದು: ಅಂಗನವಾಡಿಯ ಚರಿತ್ರೆ ಸರ್ಕಾರದ ಮುಂದೆ ಇಡುವ ಬೇಡಿಕೆಗಳು ಇವು, ಮತ್ತು ಬಳಲಿಕೆಯನ್ನು ತಡೆಯುವ ಮೊದಲ ಹೊಣೆ ಬಳಲಿದವಳದ್ದಲ್ಲ, ಅವಳನ್ನು ಕೆಲಸಕ್ಕೆ ಹಚ್ಚಿದವರದ್ದು.