ಬೇಟೆಯ ಒತ್ತಡದಲ್ಲಿ ಎಡೆದೊರೆಯ ಚಿಗರಿ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ಎಡೆದೊರೆ ಸೀಮೆಯಲ್ಲಿ ಮುಂಗಾರು ಬಿತ್ತನೆ ಮುಗಿದು ಹತ್ತಿ, ತೊಗರಿಯ ಮೊಳಕೆ ಎರಡೆಲೆ ಬಿಡುವ ಹೊತ್ತಿಗೆ ಒಂದು ದೂರು ತಪ್ಪದೆ ಕೇಳಿಬರುತ್ತದೆ. ಚಿಗರಿ ಹಿಂಡು ಹೊಲಕ್ಕಿಳಿದು ಎಳೆಯ ಪೈರನ್ನು ಮೇಯ್ದು ಹೋಯಿತೆಂದು ರಾಯಚೂರು, ದೇವದುರ್ಗ, ಮಾನ್ವಿ ಭಾಗದ ರೈತರು ಮನವಿ ಪತ್ರ ಹಿಡಿದು ಅರಣ್ಯ ಇಲಾಖೆಯ ಕಚೇರಿಗೆ ಬರುತ್ತಾರೆ. ಇದೇ ಸೀಮೆಯಲ್ಲಿ ಇರುಳು ಬೆಳಕು ಹಾಯಿಸಿ, ನಾಯಿ ಬಿಟ್ಟು, ಉರುಳು ಒಡ್ಡಿ ಚಿಗರಿಯನ್ನು ಮಾಂಸಕ್ಕಾಗಿ ಕೊಲ್ಲುವವರೂ ಇದ್ದಾರೆ. ಬೆಳೆ ಹಾನಿ ಒಂದು ಸಮಸ್ಯೆ, ಕಳ್ಳಬೇಟೆ ಇನ್ನೊಂದು ಸಮಸ್ಯೆ ಎಂದು ಇವೆರಡನ್ನೂ ಬೇರ್ಪಡಿಸಿ ನೋಡುವುದು ರೂಢಿಯಾಗಿದೆ. ಆದರೆ ಬೆನ್ನಟ್ಟಲ್ಪಟ್ಟ ಪ್ರಾಣಿ ಎಲ್ಲಿ ಮೇಯುತ್ತದೆ, ಯಾವ ಹೊತ್ತಿನಲ್ಲಿ ಮೇಯುತ್ತದೆ ಎಂಬುದನ್ನು ಗಮನಿಸಿದರೆ ಒಂದು ಸಮಸ್ಯೆ ಇನ್ನೊಂದನ್ನು ಹೆಚ್ಚಿಸುತ್ತಿರುವುದು ಕಾಣುತ್ತದೆ.

ಗ್ರಂಥಭಾಷೆಯಲ್ಲಿ ಕೃಷ್ಣಮೃಗ, ಹಳಗನ್ನಡದಲ್ಲಿ ಎರಳೆ, ಉತ್ತರ ಕರ್ನಾಟಕದ ಆಡುಮಾತಿನಲ್ಲಿ ಚಿಗರಿ ಎನಿಸಿಕೊಳ್ಳುವ ಈ ಪ್ರಾಣಿಯನ್ನು ಪತ್ರಿಕಾ ವರದಿಗಳು ಸಾಮಾನ್ಯವಾಗಿ ಜಿಂಕೆ ಎಂದೇ ಬರೆಯುತ್ತವೆ. ಶಾಸ್ತ್ರೀಯವಾಗಿ ಅದು ಸರಿಯಲ್ಲ. ಚುಕ್ಕೆ ಜಿಂಕೆ, ಕಡವೆಗಳು ಕವಲೊಡೆದ ಕೊಂಬನ್ನು ಕಾಲಕಾಲಕ್ಕೆ ಉದುರಿಸಿ ಮತ್ತೆ ಬೆಳೆಸಿಕೊಳ್ಳುತ್ತವೆ. ಚಿಗರಿಯ ಸುರುಳಿ ಕೊಂಬು ಆಡು, ಕುರಿಗಳದರಂತೆ ಜೀವಮಾನವಿಡೀ ಉಳಿಯುತ್ತದೆ. ಕೊಂಬಿರುವುದು ಗಂಡಿಗೆ ಮಾತ್ರ. ವಯಸ್ಸಾದಂತೆ ಗಂಡಿನ ಮೈಬಣ್ಣ ಗಾಢವಾಗುತ್ತದೆಯಾದರೂ ದಕ್ಷಿಣ ಭಾರತದಲ್ಲಿ ಅದು ಅಚ್ಚ ಕಪ್ಪಿಗಿಂತ ಕಡುಗಂದಿನಲ್ಲಿ ನಿಲ್ಲುವುದೇ ಹೆಚ್ಚು. ದಟ್ಟ ಕಾಡು ಈ ಪ್ರಾಣಿಗೆ ಬೇಡ. ಬಯಲು, ಕುರುಚಲು ಹುಲ್ಲು, ದೂರದವರೆಗೆ ಕಾಣುವ ನೋಟ, ಓಡಲು ಅಡೆತಡೆಯಿಲ್ಲದ ನೆಲ ಇದ್ದರೆ ಸಾಕು. ಗಂಟೆಗೆ 80 ಕಿ.ಮೀ. ವೇಗದಲ್ಲಿ ಓಡಬಲ್ಲ ಚಿಗರಿಗೆ ಕಣ್ಣು ಮತ್ತು ಕಾಲುಗಳೇ ರಕ್ಷಣೆ.

ರಾಯಚೂರು ಜಿಲ್ಲೆಯಲ್ಲಿ ಅರಣ್ಯದ ಪ್ರಮಾಣ ಬಹಳ ಕಡಿಮೆ. ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನಲ್ಲಿ 1974ರಿಂದ 119 ಚದರ ಕಿ.ಮೀ. ವಿಸ್ತಾರದ ಕೃಷ್ಣಮೃಗ ಅಭಯಾರಣ್ಯವಿದೆ. ತುಮಕೂರು ಜಿಲ್ಲೆ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲು 2007ರಲ್ಲಿ ಜಯಮಂಗಲಿ ಸಂರಕ್ಷಿತ ಪ್ರದೇಶವಾಯಿತು. ಎಡೆದೊರೆಯ ಚಿಗರಿಗೆ ಅಂತಹ ನೆಲೆಯಿಲ್ಲ. ಊರ ದನಕರುಗಳಿಗೆಂದು ಬಿಟ್ಟ ಗಾಯರಾಣ, ಕಲ್ಲುಗುಡ್ಡಗಳ ಬುಡದ ಮಸಾರಿ ಬೀಳು, ಹಳ್ಳದ ದಂಡೆ, ಕೊಯ್ಲು ಮುಗಿದ ಎರೆಹೊಲ ಇಷ್ಟೇ ಅದರ ಆಸರೆ. ಇವುಗಳಲ್ಲಿ ಗಾಯರಾಣವು ಸರ್ಕಾರದ, ಅಂದರೆ ಸಾರ್ವಜನಿಕರ ಭೂಮಿ. ಕಾವಲುಗಾರನಿಲ್ಲದ ಭೂಮಿಯೂ ಅದೇ.

ಈ ಆಸರೆಯೂ ಕಿರಿದಾಗುತ್ತ ಬಂದಿದೆ. ತುಂಗಭದ್ರಾ ಅಣೆಕಟ್ಟು 1953ರಲ್ಲಿ ಪೂರ್ಣಗೊಂಡ ನಂತರ ಎಡದಂಡೆ ಕಾಲುವೆಯ ನೀರು ಮಾನ್ವಿ ಭಾಗಕ್ಕೆ ಬಂದು ಬಯಲು ಗದ್ದೆಯಾಯಿತು. 1982ರಲ್ಲಿ ಮುಗಿದ ನಾರಾಯಣಪುರ ಅಣೆಕಟ್ಟಿನ ಬಲದಂಡೆ ಕಾಲುವೆ ದೇವದುರ್ಗದ ಬೇಸಾಯದ ಸ್ವರೂಪವನ್ನು ಬದಲಿಸಿತು. ನೀರು ತಲುಪದ ಕಡೆಗಳಲ್ಲಿ ಗಾಯರಾಣ ಬಗರ್‌ಹುಕುಂ ಸಾಗುವಳಿಗೆ, ನಿವೇಶನಕ್ಕೆ, ಕಲ್ಲು ಗಣಿಗೆ ಸಂದಿತು. ನದಿಯಾಚೆ ಸಿರುಗುಪ್ಪದ ಬಯಲಿನಲ್ಲಿ ಎರ್ಲಡ್ಡು ಹಕ್ಕಿಗೆ ಒದಗಿದ ಗತಿಯೂ ಇದೇ ಬಗೆಯದು. ನೀರಾವರಿಯಿಂದ ಬದುಕು ಕಟ್ಟಿಕೊಂಡ ರೈತನನ್ನು ಇದಕ್ಕಾಗಿ ದೂರುವುದು ನ್ಯಾಯವಲ್ಲ. ಹುಲ್ಲುಗಾವಲನ್ನು ಕಡತಗಳಲ್ಲಿ ಪಾಳು ಭೂಮಿ ಎಂದು ನಮೂದಿಸುವ ಆಡಳಿತದ ಅಭ್ಯಾಸವನ್ನು ಮಾತ್ರ ಪ್ರಶ್ನಿಸಲೇಬೇಕು.

ಬೇಟೆಯ ಹಿನ್ನೆಲೆ

ಈ ಸೀಮೆಗೆ ಬೇಟೆ ಹೊಸದಲ್ಲ. ದೇವದುರ್ಗ ಬೇಡ ಪಾಳೆಯಗಾರರ ನೆಲೆಯಾಗಿತ್ತು. ಉತ್ತರ ಕರ್ನಾಟಕದ ಹರಣಶಿಕಾರಿ ಸಮುದಾಯ ತನ್ನ ಹೆಸರಿನಲ್ಲಿಯೇ ಚಿಗರಿ ಬೇಟೆಯನ್ನು ಉಳಿಸಿಕೊಂಡಿದೆ. ಬ್ರಿಟಿಷರ 1871ರ ಕಾಯ್ದೆ ಇಂತಹ ಅಲೆಮಾರಿ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಗುರುತಿಸಿತು. ಆ ಕಾಯ್ದೆ 1952ರಲ್ಲಿ ರದ್ದಾದರೂ ಕಾಡುಪ್ರಾಣಿ ಎಲ್ಲಿ ಸತ್ತರೂ ಮೊದಲ ಅನುಮಾನ ಅವರ ಗುಡಿಸಲಿನತ್ತ ತಿರುಗುವುದು ನಿಂತಿಲ್ಲ. ವಾಸ್ತವವಾಗಿ ಚಿಗರಿಯನ್ನು ವಿನಾಶದ ಅಂಚಿಗೆ ಒಯ್ದದ್ದು ಹಗ್ಗದ ಕುಣಿಕೆಯಲ್ಲ. ಎರಡನೆಯ ಮಹಾಯುದ್ಧದ ನಂತರ ಜೀಪು, ಪ್ರಖರ ದೀಪ, ಬಂದೂಕು ಮೂರೂ ಒಟ್ಟುಗೂಡಿದಾಗ ಬಯಲಿನ ಪ್ರಾಣಿಗೆ ಅಡಗಲು ಜಾಗ ಉಳಿಯಲಿಲ್ಲ. ಒಂದು ಕಾಲಕ್ಕೆ ಲಕ್ಷಗಟ್ಟಲೆ ಇದ್ದ ಚಿಗರಿ 1970ರ ದಶಕದಲ್ಲಿ ದೇಶದಾದ್ಯಂತ ಸುಮಾರು 22ರಿಂದ 24 ಸಾವಿರಕ್ಕೆ ಇಳಿಯಿತೆಂಬುದು ತಜ್ಞರ ಅಂದಾಜು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರೂಪಣೆಯಲ್ಲಿ ಮುಖ್ಯ ಪಾತ್ರ ವಹಿಸಿದ ಎಂ.ಕೆ. ರಣಜಿತ್‌ಸಿಂಹ ಅವರು ಈ ಪ್ರಾಣಿಯ ಬಗ್ಗೆಯೇ ಅಧ್ಯಯನ ನಡೆಸಿದವರು ಎಂಬುದು ಗಮನಾರ್ಹ. ಕಾಯ್ದೆ ಬಂದ ಮೇಲೆ ಸಂತತಿ ಚೇತರಿಸಿಕೊಂಡಿತು. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು 2017ರಲ್ಲಿ ಚಿಗರಿಯನ್ನು ಕಡಿಮೆ ಆತಂಕದ ವರ್ಗಕ್ಕೆ ಸೇರಿಸಿತು.

ಚೇತರಿಕೆಯ ಜೊತೆಗೆ ಬೇಟೆಯೂ ಮುಂದುವರಿದಿದೆ. ಜೀಪಿನ ಜಾಗಕ್ಕೆ ಮೋಟಾರ್ ಸೈಕಲ್ ಬಂದಿದೆ. ಯುಗಾದಿಯ ಆಸುಪಾಸಿನಲ್ಲಿ ಊರವರು ಗುಂಪುಗೂಡಿ ಬೇಟೆಗೆ ಹೋಗುವ ಹಳೆಯ ಪದ್ಧತಿ ಕೆಲವೆಡೆ ಇನ್ನೂ ಇದೆ. 2025ರ ಯುಗಾದಿಯ ಸಂದರ್ಭದಲ್ಲಿ ಜಿಲ್ಲೆಯ ತುರ್ವಿಹಾಳದಲ್ಲಿ ಬೇಟೆಯಾಡಿದ ಪ್ರಾಣಿಗಳನ್ನು ಮೆರವಣಿಗೆ ಮಾಡಿದ ದೃಶ್ಯ ಮೊಬೈಲುಗಳಲ್ಲಿ ಹರಿದಾಡಿ, ಅರಣ್ಯ ಇಲಾಖೆ ಪ್ರಕರಣ ದಾಖಲಿಸಿತ್ತು.

ಒತ್ತಡದಿಂದ ಆಗುವುದೇನು?

ಬೇಟೆಯ ಒತ್ತಡವೆಂದರೆ ಸತ್ತ ಪ್ರಾಣಿಗಳ ಲೆಕ್ಕವಷ್ಟೇ ಅಲ್ಲ. ಬದುಕುಳಿದವುಗಳ ನಡವಳಿಕೆಯಲ್ಲಿ ಆಗುವ ಬದಲಾವಣೆಯೂ ಅದರಲ್ಲಿ ಸೇರುತ್ತದೆ. ಇದನ್ನು ಹೆಚ್ಚು ವಿವರವಾಗಿ ಗಮನಿಸಿರುವುದು ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿ. ಅಲ್ಲಿ ಹೇಸರಗತ್ತೆಯಂತಹ ದೊಡ್ಡ ಕಿವಿಯ ಮ್ಯೂಲ್ ಡೀರ್ ಎಂಬ ಜಿಂಕೆಯಿದೆ. ಸರ್ಕಾರಿ ಭೂಮಿಯಲ್ಲಿ, ಗೊತ್ತುಪಡಿಸಿದ ಋತುವಿನಲ್ಲಿ, ಪರವಾನಗಿ ಪಡೆದು ಅದನ್ನು ಬೇಟೆಯಾಡುವುದಕ್ಕೆ ಕಾನೂನಿನ ಅಡ್ಡಿಯಿಲ್ಲ. ಬೇಡಿಕೆ ಹೆಚ್ಚಿರುವ ಕಡೆ ಪರವಾನಗಿಯನ್ನು ಲಾಟರಿ ಎತ್ತಿ ಹಂಚಲಾಗುತ್ತದೆ. ಋತು ಆರಂಭವಾಗಿ ಬಂದೂಕಿನ ಸದ್ದು ಕೇಳುತ್ತಿದ್ದಂತೆ ಜಿಂಕೆಗಳು ರಸ್ತೆಯಿಂದ ದೂರ ಸರಿಯುತ್ತವೆ, ಹಗಲು ಮಲಗಿ ಇರುಳು ಮೇಯತೊಡಗುತ್ತವೆ, ಬೇಟೆಗಾರರಿಗೆ ಪ್ರವೇಶವಿಲ್ಲದ ಖಾಸಗಿ ಜಮೀನುಗಳನ್ನು ಸೇರಿಕೊಳ್ಳುತ್ತವೆ. ನುರಿತ ಬೇಟೆಗಾರರೇ ಜನಜಂಗುಳಿಯಿಂದ ದೂರ ನಡೆದು ಹೋಗಬೇಕಾಗುತ್ತದೆ.

ಎಡೆದೊರೆಯಲ್ಲಿ ಬೇಟೆಗೆ ಋತುವಿಲ್ಲ, ಪರವಾನಗಿಯಿಲ್ಲ, ಆದ್ದರಿಂದ ಪ್ರಾಣಿಗೆ ಬಿಡುವೂ ಇಲ್ಲ. ಚಿಗರಿ ಸ್ವಭಾವತಃ ಹಗಲು ಮೇಯುವ ಪ್ರಾಣಿ. ಜನಸಂಚಾರ ಮತ್ತು ಬೆನ್ನಟ್ಟುವಿಕೆ ಹೆಚ್ಚಿದ ಕಡೆ ಅದು ಮೇವಿನ ಹೊತ್ತನ್ನು ರಾತ್ರಿಗೆ, ಬೆಳಗಿನ ಜಾವಕ್ಕೆ ತಳ್ಳುತ್ತದೆ. ಮನುಷ್ಯನನ್ನು ಕಂಡು ಓಟ ಕೀಳುವ ಅಂತರ ಹೆಚ್ಚುತ್ತದೆ. ಗಾಯರಾಣದಲ್ಲಿ ನೆಮ್ಮದಿಯಿಂದ ಮೇಯಲಾಗದ ಹಿಂಡು ಎತ್ತರದ ತೊಗರಿ, ನಿಂತ ಜೋಳವನ್ನು ಬಿಟ್ಟು, ಸುತ್ತಲೂ ನೋಟ ಹರಿಯುವ ಎಳೆಪೈರಿನ ಹೊಲವನ್ನು ಆರಿಸಿಕೊಳ್ಳುತ್ತದೆ. ಜೂನ್-ಜುಲೈನಲ್ಲಿ ಹತ್ತಿ ಮತ್ತು ಹೆಸರು, ಅಕ್ಟೋಬರ್-ನವೆಂಬರ್‌ನಲ್ಲಿ ಕಡಲೆ ಮತ್ತು ಹಿಂಗಾರಿ ಜೋಳದ ಮೊಳಕೆ ಅದರ ಬಾಯಿಗೆ ಬೀಳುತ್ತವೆ. ಬೆದರಿದ ಪ್ರಾಣಿಗಳು ಒತ್ತಾಗಿ ಸೇರುವುದರಿಂದ ಹತ್ತು ಹೊಲಗಳಲ್ಲಿ ಹಂಚಿಹೋಗಬೇಕಾದ ಮೇವು ಒಂದೇ ಹೊಲದಲ್ಲಿ ಮುಗಿಯುತ್ತದೆ. ಆ ರೈತ ಮರುಬಿತ್ತನೆ ಮಾಡಬೇಕು. ಬಿಟಿ ಹತ್ತಿ ಬೀಜದ ಒಂದು ಪೊಟ್ಟಣಕ್ಕೆ ಈಗ ಸುಮಾರು 900 ರೂಪಾಯಿ. ಹದ ತಪ್ಪಿದ ನೆಲದಲ್ಲಿ ಮರುಬಿತ್ತನೆಯ ಇಳುವರಿ ಮೊದಲಿನಂತಿರುವುದಿಲ್ಲ ಎಂಬುದು ಎರೆಭೂಮಿಯ ಪ್ರತಿಯೊಬ್ಬ ಒಕ್ಕಲಿಗನಿಗೂ ಗೊತ್ತು.

ಇಷ್ಟಾದ ಮೇಲೆ ರೈತನ ಸಹನೆ ಕುಗ್ಗುತ್ತದೆ. ಬೇಟೆಗಾರ ಬಂದರೆ ಅವನು ಕಂಡೂ ಕಾಣದಂತಿರುತ್ತಾನೆ. ಕಳ್ಳಬೇಟೆಗೆ ಇದಕ್ಕಿಂತ ದೊಡ್ಡ ರಕ್ಷೆ ಬೇರೊಂದಿಲ್ಲ. ಆದರೆ ಬೇಟೆ ಹೆಚ್ಚಿದಷ್ಟೂ ಹಿಂಡು ಬಯಲನ್ನು ಬಿಟ್ಟು ಹೊಲದ ಇರುಳನ್ನೇ ನೆಚ್ಚಿಕೊಳ್ಳುತ್ತದೆ.

ಮರಿಗಳ ಪಾಡು ಇನ್ನೂ ಕಷ್ಟದ್ದು. ಆರು ತಿಂಗಳ ಗರ್ಭಾವಧಿಯ ನಂತರ ಹೆಣ್ಣು ಚಿಗರಿ ಸಾಮಾನ್ಯವಾಗಿ ಒಂದೇ ಮರಿ ಹಾಕುತ್ತದೆ. ಮೊದಲ ಕೆಲವು ವಾರ ಮರಿ ಹುಲ್ಲಿನಲ್ಲಿ ಅಲುಗದೆ ಮಲಗಿರುತ್ತದೆ. ಹಿಂಡನ್ನು ಅಟ್ಟಿದಾಗ ತಾಯಿ ದೂರವಾಗಿ, ಮರಿ ಬೀದಿನಾಯಿಗಳ ಪಾಲಾಗುತ್ತದೆ. ಹಾಗೆ ಸಿಕ್ಕ ಮರಿಯನ್ನು ಕನಿಕರದಿಂದ ಮನೆಗೊಯ್ದು ಸಾಕುವುದೂ ಕಾನೂನಿನ ಪ್ರಕಾರ ಅಪರಾಧವೇ.

ಕಾಯ್ದೆಯ ಮಿತಿ

ಚಿಗರಿ ಕಾಯ್ದೆಯ ಒಂದನೇ ಅನುಸೂಚಿಯಲ್ಲಿದೆ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಲ್ಲಿಯೂ ಆ ಸ್ಥಾನ ಬದಲಾಗಿಲ್ಲ. ಅಪರಾಧ ಸಾಬೀತಾದರೆ ಕನಿಷ್ಠ 3ರಿಂದ ಗರಿಷ್ಠ 7 ವರ್ಷ ಸಜೆ ಮತ್ತು ಕನಿಷ್ಠ 25 ಸಾವಿರ ರೂಪಾಯಿ ದಂಡವಿದೆ. ಕೊಲ್ಲುವುದು ಮಾತ್ರವಲ್ಲ, ಉರುಳು ಒಡ್ಡುವುದು, ಹಿಡಿಯಲೆಂದು ಅಟ್ಟುವುದು, ಅದಕ್ಕಾಗಿ ಪ್ರಯತ್ನಿಸುವುದು ಎಲ್ಲವೂ ಕಾಯ್ದೆಯ ದೃಷ್ಟಿಯಲ್ಲಿ ಬೇಟೆಯೇ. 1998ರಲ್ಲಿ ಜೋಧಪುರದ ಬಳಿ ಕೃಷ್ಣಮೃಗ ಕೊಂದ ಪ್ರಕರಣದಲ್ಲಿ ನಟ ಸಲ್ಮಾನ್ ಖಾನ್ ಅವರಿಗೆ ಅಲ್ಲಿನ ವಿಚಾರಣಾ ನ್ಯಾಯಾಲಯ 2018ರಲ್ಲಿ 5 ವರ್ಷ ಸಜೆ ವಿಧಿಸಿತು. ತೀರ್ಪಿಗೆ ಇಪ್ಪತ್ತು ವರ್ಷ ಹಿಡಿಯಿತು ಎಂಬುದನ್ನೂ ಇಲ್ಲಿ ಮರೆಯುವಂತಿಲ್ಲ.

ಬೆಳೆ ಉಳಿಸಿಕೊಳ್ಳಲು ಚಿಗರಿಗೆ ಗುಂಡು ಹಾರಿಸಲು ಅನುಮತಿ ಕೊಡಬೇಕೆಂಬ ಬೇಡಿಕೆ ಆಗಾಗ ಎದ್ದೇಳುತ್ತದೆ. ಬಿಹಾರದಲ್ಲಿ ನೀಲಗಾಯಿಗೆ ಅಂತಹ ಅವಕಾಶ ದೊರೆತದ್ದನ್ನು ಉದಾಹರಿಸಲಾಗುತ್ತದೆ. ಆದರೆ ಒಂದನೇ ಅನುಸೂಚಿಯ ಪ್ರಾಣಿಯನ್ನು ಉಪದ್ರವಕಾರಿ ಎಂದು ಘೋಷಿಸಲು ಕಾಯ್ದೆಯಲ್ಲಿ ಅವಕಾಶವಿಲ್ಲ. ಮನುಷ್ಯನ ಜೀವಕ್ಕೆ ಅಪಾಯವಾದರೆ, ಇಲ್ಲವೇ ಪ್ರಾಣಿ ಗುಣವಾಗದ ಗಾಯ ಅಥವಾ ರೋಗಕ್ಕೆ ತುತ್ತಾಗಿದ್ದರೆ ಮಾತ್ರ ಮುಖ್ಯ ವನ್ಯಜೀವಿ ಪರಿಪಾಲಕರು ಅನುಮತಿ ನೀಡಬಹುದು. ಚಿಗರಿಗೆ ಮೊದಲನೆಯದು ಅನ್ವಯಿಸುವ ಪ್ರಮೇಯವೇ ಇಲ್ಲ.

ವಿಚಿತ್ರವೆಂದರೆ, ಮ್ಯೂಲ್ ಡೀರ್‌ನ ನಾಡಿನಲ್ಲಿಯೇ ಚಿಗರಿಯನ್ನು ಹಣ ಕೊಟ್ಟು ಬೇಟೆಯಾಡಬಹುದು. 1930ರ ದಶಕದಲ್ಲಿ ಟೆಕ್ಸಾಸ್ ರಾಜ್ಯಕ್ಕೆ ಒಯ್ದ ಚಿಗರಿಗಳು ಅಲ್ಲಿನ ಖಾಸಗಿ ಜಮೀನುಗಳಲ್ಲಿ ಸಾವಿರಗಟ್ಟಲೆಯಾದವು. 1970ರ ದಶಕದಲ್ಲಿ ಪಾಕಿಸ್ತಾನ ತನ್ನ ನೆಲದಲ್ಲಿ ಅಳಿದಿದ್ದ ಈ ಪ್ರಾಣಿಯನ್ನು ಮತ್ತೆ ನೆಲೆಗೊಳಿಸಲು ಟೆಕ್ಸಾಸ್‌ನಿಂದಲೇ ತರಿಸಿಕೊಳ್ಳಬೇಕಾಯಿತು.

ನೆಲದ ಮೇಲಿನ ಉಪಾಯಗಳು

ಹೊಲದ ಸುತ್ತ ಹಳೆಯ ಸೀರೆ ಕಟ್ಟುವುದು, ಬೆದರುಬೊಂಬೆ ನಿಲ್ಲಿಸುವುದು, ಮಂಚಿಕೆಯ ಮೇಲೆ ಕುಳಿತು ಇರುಳು ಕಾಯುವುದು ಈ ಭಾಗದ ರೂಢಿಯ ಕ್ರಮಗಳು. ಬೊಂಬೆಗೆ ಚಿಗರಿ ಕೆಲವೇ ದಿನಗಳಲ್ಲಿ ಒಗ್ಗಿಕೊಳ್ಳುತ್ತದೆ. ಕಾವಲು ಫಲಕಾರಿ, ಆದರೆ ದಣಿಸುವಂಥದ್ದು. ಅಪಾಯದ ಅವಧಿ ಮೊಳಕೆಯೊಡೆದ ಮೊದಲ ಕೆಲವು ವಾರಗಳಾದ್ದರಿಂದ ಅಕ್ಕಪಕ್ಕದ ಹೊಲದವರು ಒಂದೇ ಹದದಲ್ಲಿ ಬಿತ್ತಿ, ಸರದಿಯ ಮೇಲೆ ಕಾಯುವುದು ಹೆಚ್ಚು ಪ್ರಯೋಜನಕಾರಿ. ಸೌರ ಬೇಲಿ ಕ್ಷಣಮಾತ್ರದ ಸೌಮ್ಯ ಆಘಾತ ಕೊಡುತ್ತದೆ. ವಿದ್ಯುತ್ ತಂತಿಯಿಂದ ನೇರ ಸಂಪರ್ಕ ಪಡೆದ ಬೇಲಿಯಾದರೋ ಚಿಗರಿಯನ್ನು ಮಾತ್ರವಲ್ಲ, ನೀರು ಹಾಯಿಸಲು ನಸುಕಿನಲ್ಲಿ ಹೋದ ಮನುಷ್ಯನನ್ನೂ ಕೊಲ್ಲುತ್ತದೆ.

ಹಿಡಿದು ಬೇರೆಡೆ ಬಿಡುವ ಪ್ರಯೋಗವೂ ನಡೆದಿದೆ. ಮಧ್ಯಪ್ರದೇಶದ ಶಾಜಾಪುರ ಭಾಗದಲ್ಲಿ 2025ರ ಅಕ್ಟೋಬರ್-ನವೆಂಬರ್ ಅವಧಿಯಲ್ಲಿ ದಕ್ಷಿಣ ಆಫ್ರಿಕಾದ ತಜ್ಞರ ನೆರವಿನಿಂದ, ಹೆಲಿಕಾಪ್ಟರ್ ಬಳಸಿ ಆವರಣದೊಳಕ್ಕೆ ಅಟ್ಟುವ ಬೋಮಾ ವಿಧಾನದಲ್ಲಿ 800ಕ್ಕೂ ಹೆಚ್ಚು ಚಿಗರಿಗಳನ್ನು ಹಿಡಿದು ಸಾಗಿಸಲಾಯಿತು. ಗಾಬರಿಗೆ ಎದೆಯೊಡೆದು ಸಾಯುವಷ್ಟು ಸೂಕ್ಷ್ಮ ಪ್ರಾಣಿಯ ವಿಷಯದಲ್ಲಿ ಇದು ದೊಡ್ಡ ಸಾಧನೆಯೇ ಸರಿ. ಆದರೆ ಹಿಡಿದ ಹಿಂಡನ್ನು ಬಿಡಲು ಹುಲ್ಲುಗಾವಲು ಬೇಕು. ಎಡೆದೊರೆಯಲ್ಲಿ ಕೊರತೆಯಿರುವುದು ಅದಕ್ಕೇ.

ಹಾಗಾಗಿ ಉಳಿದಿರುವ ಗಾಯರಾಣದ ಕೆಲವು ತುಂಡುಗಳನ್ನಾದರೂ ಗುರುತಿಸಿ, ಗಿಡ ನೆಡದೆ ಹುಲ್ಲಾಗಿಯೇ ಉಳಿಸಿ, ರಾತ್ರಿ ಗಸ್ತು ಹಾಕುವುದು ಹೆಚ್ಚು ಕಾರ್ಯಸಾಧ್ಯವೆನಿಸುತ್ತದೆ. ನೆರೆಯ ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ಮುನ್ನೂರು ಚಿಲ್ಲರೆ ಹೆಕ್ಟೇರಿನ ಕುರುಚಲು ಬಯಲನ್ನು ತೋಳಗಳಿಗಾಗಿ ಕಾಯ್ದಿರಿಸಲಾಗಿದೆ. ಚಿಗರಿಯ ಸಹಜ ಶತ್ರುವಾದ ತೋಳಕ್ಕೆ ದೊರೆತ ಸೌಕರ್ಯ ಚಿಗರಿಗೂ ದೊರೆಯಬಾರದೇಕೆ ಎಂಬ ಪ್ರಶ್ನೆ ಸಹಜ.

ಬೇಟೆ ಕಂಡುಬಂದರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಬಹುದು. ವಾಹನದ ಸಂಖ್ಯೆ, ಸ್ಥಳ, ಸಮಯ ತಿಳಿಸಿದರೆ ಸಾಕು. ಬೇಟೆಗಾರರನ್ನು ತಾವೇ ತಡೆಯಲು ಹೋಗುವುದು ಅಪಾಯಕರ. ರಾಯಚೂರಿನಿಂದ ಗಬ್ಬೂರು, ಕಲ್ಲೂರು ಮಾರ್ಗಗಳಲ್ಲಿ ಸಂಚರಿಸುವ ನಗರವಾಸಿಗಳು ಹಿಂಡು ಕಂಡಾಗ ಚಿತ್ರಕ್ಕಾಗಿ ಬೈಕಿನಲ್ಲಿ ಬೆನ್ನಟ್ಟುವುದೂ ಆ ಪ್ರಾಣಿಗೆ ಬೇಟೆಯಷ್ಟೇ ಭಯ ತರುತ್ತದೆ.

ಬೆಳೆ ನಷ್ಟವಾದ ರೈತರು ಹಾನಿಯ ಛಾಯಾಚಿತ್ರ, ಪಹಣಿ, ಬ್ಯಾಂಕ್ ಖಾತೆಯ ವಿವರಗಳೊಂದಿಗೆ ವಲಯ ಅರಣ್ಯ ಕಚೇರಿಗೆ ತಡಮಾಡದೆ ಅರ್ಜಿ ಸಲ್ಲಿಸಬೇಕು. ಸಿಬ್ಬಂದಿ ಸ್ಥಳ ಪರಿಶೀಲನೆ ನಡೆಸಿದ ಬಳಿಕ ಇ-ಪರಿಹಾರ ವ್ಯವಸ್ಥೆಯ ಮೂಲಕ ಹಣ ಖಾತೆಗೆ ಜಮೆಯಾಗುತ್ತದೆ. ಪರಿಶೀಲನೆಗೆ ಮುನ್ನವೇ ಮರುಬಿತ್ತನೆ ಮಾಡಿದರೆ ಹಾನಿಯ ಕುರುಹು ಉಳಿಯುವುದಿಲ್ಲ, ಕಾಯುತ್ತ ಕುಳಿತರೆ ಹದ ಹೋಗುತ್ತದೆ. ಪಹಣಿ ಭೂಮಾಲೀಕರ ಹೆಸರಿನಲ್ಲಿರುವುದರಿಂದ ಲಾವಣಿಗೆ ಮಾಡಿದ ರೈತನಿಗೂ, ಹಕ್ಕುಪತ್ರವಿಲ್ಲದ ಬಗರ್‌ಹುಕುಂ ಸಾಗುವಳಿದಾರನಿಗೂ ಈ ಹಣ ಕೈಸೇರುವುದು ಕಷ್ಟ. ಗಾಯರಾಣದ ಅಂಚಿನಲ್ಲಿ ಉಳುತ್ತಿರುವವರು, ಚಿಗರಿ ಮೊದಲು ಕಾಲಿಡುವ ಹೊಲಗಳವರು, ಹೆಚ್ಚಾಗಿ ಇವರೇ.