ಹೋಬಳಿಗೊಂದು ಶಾಲೆ: ಮೈಸೂರು ಸಂಸ್ಥಾನದ ವಿದ್ಯಾಭ್ಯಾಸ

ಇಂದು ಬೆಂಗಳೂರಿನ ಬಡಾವಣೆಯಾಗಿರುವ ಮತ್ತಿಕೆರೆ, ಮೈಸೂರು ಸಂಸ್ಥಾನದ ಕಾಲದಲ್ಲಿ ಪೇಟೆಯ ಹೊರಗಿನ ಹಳ್ಳಿ. ಇಂಥ ಹಳ್ಳಿಗಳಲ್ಲಿ ಓದು ಬರಹ ಕಲಿಸುತ್ತಿದ್ದುದು ಮನೆಯ ಜಗುಲಿಯ ಮೇಲೆ ನಡೆಯುತ್ತಿದ್ದ ಜಗುಲಿ ಮಠಗಳು. ಮಕ್ಕಳು ಮರಳಿನ ಮೇಲೆ ಅಕ್ಷರ ತಿದ್ದಿ, ಮಗ್ಗಿ ಬಾಯಿಪಾಠ ಮಾಡುತ್ತಿದ್ದರು.

ಕಮಿಷನರ್ ಆಡಳಿತ
1831ರಲ್ಲಿ ಬ್ರಿಟಿಷರು ಸಂಸ್ಥಾನದ ಆಡಳಿತವನ್ನು ಅರಸರಿಂದ ವಹಿಸಿಕೊಂಡು ಕಮಿಷನರುಗಳ ಮೂಲಕ ನಡೆಸಿದರು. ಆದರೂ 1833ರಲ್ಲಿ, ಅಧಿಕಾರ ಕಳೆದುಕೊಂಡಿದ್ದ ಅರಸ ಮುಮ್ಮಡಿ ಕೃಷ್ಣರಾಜ ಒಡೆಯರು ಮೈಸೂರಿನಲ್ಲಿ ಉಚಿತ ಇಂಗ್ಲಿಷ್ ಶಾಲೆ ತೆರೆದರು. 1857ರಲ್ಲಿ ವಿದ್ಯಾ ಇಲಾಖೆ ಹುಟ್ಟಿತು. ಮರುವರ್ಷ ಬೆಂಗಳೂರಿನಲ್ಲಿ ಆರಂಭವಾದ ಸರ್ಕಾರಿ ಹೈಸ್ಕೂಲೇ ಮುಂದೆ ಸೆಂಟ್ರಲ್ ಕಾಲೇಜಾಯಿತು.

ರೈಸ್ ಯೋಜನೆ
ಬೆಂಗಳೂರಿನಲ್ಲೇ ಹುಟ್ಟಿ ಕನ್ನಡ ಬಲ್ಲವರಾಗಿದ್ದ ವಿದ್ಯಾ ಇಲಾಖೆಯ ಅಧಿಕಾರಿ ಬಿ.ಎಲ್. ರೈಸ್, 1868ರಲ್ಲಿ ಹೋಬಳಿ ಶಾಲೆಗಳ ಯೋಜನೆ ರೂಪಿಸಿದರು. ಊರಿನವರು ಕಟ್ಟಡ ಒದಗಿಸಬೇಕು, ಮಠದ ಅಯ್ಯನವರಿಗೆ, ಅಂದರೆ ಉಪಾಧ್ಯಾಯರಿಗೆ, ನಾರ್ಮಲ್ ಶಾಲೆಯಲ್ಲಿ ತರಬೇತಿ, ಸಂಬಳ ಸರ್ಕಾರದ್ದು. ಶಾಲೆಗಳ ತನಿಖೆಗೆ ಊರೂರು ಸುತ್ತುವಾಗ ಕಂಡ ಶಾಸನಗಳೇ ಅವರನ್ನು ‘ಎಪಿಗ್ರಾಫಿಯ ಕರ್ನಾಟಿಕ’ ಶಾಸನ ಸಂಪುಟಗಳತ್ತ ಒಯ್ದವು.

ಅರಸರ ಕೈಗೆ ಮರಳಿದ ಮೇಲೆ
1881ರಲ್ಲಿ ಆಡಳಿತ ಒಡೆಯರಿಗೆ ಮರಳಿತು. ಅದೇ ವರ್ಷ ಮೈಸೂರಿನಲ್ಲಿ ಮಹಾರಾಣಿಯವರ ಹೆಣ್ಣುಮಕ್ಕಳ ಶಾಲೆ ಆರಂಭವಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಸರ್ ಎಂ. ವಿಶ್ವೇಶ್ವರಯ್ಯ ದಿವಾನರಾಗಿದ್ದಾಗ, 1913ರ ಪ್ರಾಥಮಿಕ ಶಿಕ್ಷಣ ಕಾಯಿದೆ ಆಯ್ದ ಸ್ಥಳಗಳಲ್ಲಿ ಶಾಲೆಯನ್ನು ಕಡ್ಡಾಯಗೊಳಿಸಿತು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ಬ್ರಿಟಿಷರ ನೇರ ಆಡಳಿತದ ಹೊರಗೆ ಭಾರತದಲ್ಲಿ ಹುಟ್ಟಿದ ಮೊದಲ ವಿಶ್ವವಿದ್ಯಾನಿಲಯವಿದು.

ಮತ್ತಿಕೆರೆಗೆ ಹೊಂದಿಕೊಂಡಿರುವ ಭಾರತೀಯ ವಿಜ್ಞಾನ ಸಂಸ್ಥೆ 1909ರಲ್ಲಿ ಸ್ಥಾಪನೆಯಾಯಿತು. ಅದಕ್ಕೆ 371 ಎಕರೆ ಭೂಮಿ ಕೊಟ್ಟದ್ದೂ ಮೈಸೂರು ಸಂಸ್ಥಾನವೇ.