ಹರೆಯದ ಸಿಟ್ಟು: ಬೆತ್ತದಿಂದ ಆಪ್ತಸಮಾಲೋಚನೆಯವರೆಗೆ

2025ರ ದ್ವಿತೀಯ ಪಿಯುಸಿ ಫಲಿತಾಂಶದಲ್ಲಿ ಉಡುಪಿ ಜಿಲ್ಲೆ ಶೇ. 93.90 ಪಡೆದು ರಾಜ್ಯಕ್ಕೇ ಮೊದಲು. ಹಿಂದಿನ ವರ್ಷ ಎಸ್ಸೆಸ್ಸೆಲ್ಸಿಯಲ್ಲೂ ಶೇ. 94ರೊಂದಿಗೆ ಅದೇ ಸ್ಥಾನ. ಈ ಅಂಕಿಗಳ ಹಿಂದೆ ಕಾರ್ಕಳದ ಕಡೆಯ ವಸತಿ ಕಾಲೇಜುಗಳ ಬೆಳಗಿನ ಜಾವದ ಓದು ಇದೆ, ಮಣಿಪಾಲದ ಕೋಚಿಂಗ್ ಇದೆ, ಅಪ್ಪ ಗಲ್ಫಿನಲ್ಲೋ ಮುಂಬಯಿಯಲ್ಲೋ ಇದ್ದು ಅಜ್ಜಿಯೇ ಸಂಭಾಳಿಸುವ ಕಾಪು, ಪಡುಬಿದ್ರಿಯ ಮನೆಗಳೂ ಇವೆ. ಮಕ್ಕಳು ಇದನ್ನೆಲ್ಲ ಒಂದೇ ಮಾತಿನಲ್ಲಿ ಮುಗಿಸುತ್ತಾರೆ: “ತಲೆಬಿಸಿ ಮಾರಾಯ.” ದೊಡ್ಡವರ ಕಣ್ಣಿಗೆ ಬೀಳುವುದು ಸಿಟ್ಟು ಮಾತ್ರ. ಎಸೆದ ಬ್ಯಾಗು, ಧಡ್ಡನೆ ಮುಚ್ಚಿದ ಬಾಗಿಲು, ಬಿಟ್ಟೆದ್ದ ಊಟ.

ಹರೆಯವೆಂದರೆ ಬಿರುಗಾಳಿಯ ಕಾಲ ಎಂದು ಅಮೆರಿಕದ ಮನೋವಿಜ್ಞಾನಿ ಸ್ಟ್ಯಾನ್ಲಿ ಹಾಲ್ 1904ರಲ್ಲಿ ಬರೆದರು. ಎಲ್ಲ ಸಮಾಜಗಳಲ್ಲೂ ಹಾಗಿರಬೇಕಾಗಿಲ್ಲ ಎಂದು 1928ರಲ್ಲಿ ಮಾನವಶಾಸ್ತ್ರಜ್ಞೆ ಮಾರ್ಗರೆಟ್ ಮೀಡ್ ಸಮೋವಾ ದ್ವೀಪದ ಹುಡುಗಿಯರನ್ನು ತೋರಿಸಿ ವಾದಿಸಿದರು. ಮೀಡ್ ಅವರ ಅಧ್ಯಯನದ ಬಗ್ಗೆ ಆಮೇಲೆ ದೊಡ್ಡ ಜಗಳವೇ ನಡೆಯಿತು. ಆದರೂ ಮಗುವಿನ ಸಿಟ್ಟಿಗೆ ಮಗುವಷ್ಟೇ ಕಾರಣವಲ್ಲ, ಸುತ್ತಲಿನವರೂ ಕಾರಣ ಎಂಬ ಮಾತು ಉಳಿದುಕೊಂಡಿತು.

ನಮ್ಮಲ್ಲಿ ಈ ಮಾತು ನಿಧಾನವಾಗಿ ಬಂತು. ಮಣಿಪಾಲದಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಶುರುವಾದದ್ದು 1953ರಲ್ಲಿ. ಬೆಂಗಳೂರಿನಲ್ಲಿ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ಈಗಿನ ರೂಪಕ್ಕೆ ಬಂದದ್ದು 1974ರಲ್ಲಿ. ‘ಕೊರವಂಜಿ’ ಹಾಸ್ಯಪತ್ರಿಕೆಯ ರಾಶಿ, ಅಂದರೆ ಡಾ. ಎಂ. ಶಿವರಾಂ, ಮನಸ್ಸಿನ ಕಾಯಿಲೆಗಳ ಬಗ್ಗೆ ಬರೆದ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಮನೋವೈದ್ಯ ಡಾ. ಸಿ. ಆರ್. ಚಂದ್ರಶೇಖರ್ ಅವರ ಪುಸ್ತಕಗಳು ಹಳ್ಳಿಯ ಗ್ರಂಥಾಲಯಗಳನ್ನೂ ತಲುಪಿದವು. ಉಡುಪಿಯ ದೊಡ್ಡಣಗುಡ್ಡೆಯ ಡಾ. ಎ. ವಿ. ಬಾಳಿಗಾ ಸ್ಮಾರಕ ಆಸ್ಪತ್ರೆಯಲ್ಲಿ ಡಾ. ಪಿ. ವಿ. ಭಂಡಾರಿಯವರಂಥ ಮನೋವೈದ್ಯರು ಆಸ್ಪತ್ರೆಯ ಹೊರಗೂ ಜನರ ನಡುವೆ ಮಾತಾಡುತ್ತ ಬಂದರು. ಹಾಗೆ ನೋಡಿದರೆ ಈ ಜಿಲ್ಲೆಗೆ ವೈದ್ಯರ ಬರವಿಲ್ಲ. ಆದರೆ ಹದಿನೈದರ ಹುಡುಗನ ಕೋಪಕ್ಕೆ ಮೊದಲು ಸಿಗುತ್ತಿದ್ದದ್ದು ಬೆತ್ತ, ಆಮೇಲೆ ಹರಕೆ, ಮಂತ್ರಿಸಿದ ನೂಲು, ಆಸ್ಪತ್ರೆ ಕಟ್ಟಕಡೆಗೆ. ಶಿಕ್ಷಣ ಹಕ್ಕು ಕಾಯ್ದೆ 2010ರಲ್ಲಿ ಜಾರಿಯಾಗಿ ಶಾಲೆಯ ಬೆತ್ತವನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿತು. ಆ ಕಾಯ್ದೆಯ ವ್ಯಾಪ್ತಿ ಹದಿನಾಲ್ಕಕ್ಕೆ ಮುಗಿಯುತ್ತದೆ. ತಲೆಬಿಸಿ ಏರುವುದು ಆಮೇಲೆ.

ಬೆತ್ತದ ಜಾಗಕ್ಕೆ ಬಂದ ಮೊದಲ ಉಪದೇಶ “ಒಳಗಿಟ್ಟುಕೊಳ್ಳಬೇಡ, ಹೊರಗೆ ಹಾಕು.” ದಿಂಬಿಗೆ ಗುದ್ದು, ಬೊಬ್ಬೆ ಹೊಡಿ ಎಂಬ ಈ ಸಲಹೆ ಈಗಲೂ ಚಲಾವಣೆಯಲ್ಲಿದೆ. ಅದು ಸುಳ್ಳೆಂದು ತೋರಿಸಿದ್ದು ಮನೋವಿಜ್ಞಾನಿ ಬ್ರಾಡ್ ಬುಶ್‌ಮನ್ 2002ರಲ್ಲಿ ಪ್ರಕಟಿಸಿದ ಪ್ರಯೋಗ. ಆರು ನೂರು ವಿದ್ಯಾರ್ಥಿಗಳ ಪ್ರಬಂಧವನ್ನು ಹೀನಾಯವಾಗಿ ಟೀಕಿಸಿ ಸಿಟ್ಟೆಬ್ಬಿಸಲಾಯಿತು. ಟೀಕಿಸಿದವನನ್ನು ನೆನೆಯುತ್ತ ಚೀಲಕ್ಕೆ ಗುದ್ದಿದವರ ಸಿಟ್ಟೇ ಹೆಚ್ಚಾಗಿತ್ತು. ಸುಮ್ಮನೆ ಕೂತವರಲ್ಲಿ ಆಕ್ರಮಣಶೀಲತೆ ಎಲ್ಲರಿಗಿಂತ ಕಡಿಮೆ. 2024ರಲ್ಲಿ ಸೋಫಿ ಕ್ಯಾರ್ವಿಕ್ ಜೊತೆ ಅವರು 154 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದಾಗಲೂ ಉತ್ತರ ಅದೇ: ಉಸಿರಾಟ, ಧ್ಯಾನ, ಯೋಗದಂಥ ಮೈಯ ಕಾವು ಇಳಿಸುವ ಕೆಲಸಗಳು ಸಿಟ್ಟನ್ನು ತಗ್ಗಿಸುತ್ತವೆ, ಕಾವು ಏರಿಸುವವು ತಗ್ಗಿಸುವುದಿಲ್ಲ. ಓಡುವುದು ಕೂಡ.

ಹಾಗಾದರೆ ಉಡುಪಿಯ ಶಾಲೆಗಳಲ್ಲಿ ಯಕ್ಷಶಿಕ್ಷಣದಡಿ ಯಕ್ಷಗಾನ ಕಲಿಯುವ ಮಕ್ಕಳು ರಾಕ್ಷಸವೇಷ ಕಟ್ಟಿ ಆರ್ಭಟಿಸುವುದು? ಅದನ್ನು ಚಿಕಿತ್ಸೆ ಎಂದು ಕರೆಯಲಾರೆ. ಆದರೆ ಅಲ್ಲಿ ರೌದ್ರಕ್ಕೂ ಲೆಕ್ಕವಿದೆ. ಮಹಿಷಾಸುರನೂ ತಾಳ ತಪ್ಪುವಂತಿಲ್ಲ. ದಿಂಬಿಗೆ ಗುದ್ದುವುದರಲ್ಲಿ ಆ ಶಿಸ್ತಿಲ್ಲ.

ಬೆತ್ತ, ಬೊಬ್ಬೆಗಳ ನಂತರದ ಮೂರನೆಯ ಘಟ್ಟ ಕೌಶಲದ್ದು. 1975ರಲ್ಲಿ ಮನೋವಿಜ್ಞಾನಿ ರೇಮಂಡ್ ನೊವಾಕೊ ಸಿಟ್ಟನ್ನು ಯೋಚನೆ, ಮೈಯ ಉದ್ರೇಕ, ವರ್ತನೆ ಎಂದು ಬಿಡಿಸಿ, ಒಂದೊಂದನ್ನೂ ಪಳಗಿಸಬಹುದು ಎಂದರು. 1993ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹತ್ತು ಜೀವನ ಕೌಶಲಗಳ ಪಟ್ಟಿ ಕೊಟ್ಟಿತು. ಭಾವನೆ ಮತ್ತು ಒತ್ತಡ ನಿಭಾಯಿಸುವುದು ಅದರಲ್ಲಿ ಸೇರಿದ್ದವು. ನಿಮ್ಹಾನ್ಸಿನ ಶ್ರೀಕಲಾ ಭರತ್ ಮತ್ತು ಕಿಶೋರ್ ಕುಮಾರ್ ಅದನ್ನು ನಮ್ಮ ಪ್ರೌಢಶಾಲೆಗಳಿಗೆ ಹೊಂದಿಸಿ, ಶಿಕ್ಷಕರಿಗೆ ತರಬೇತಿ ಕೊಟ್ಟರು. 2010ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ, ತರಬೇತಿ ಸಿಕ್ಕ 605 ಮಕ್ಕಳು ಸಿಗದ 423 ಮಕ್ಕಳಿಗಿಂತ ಆತ್ಮಗೌರವದಲ್ಲಿ, ಕಷ್ಟ ಎದುರಿಸುವುದರಲ್ಲಿ, ಶಿಕ್ಷಕರೊಡನೆ ಹೊಂದಿಕೊಳ್ಳುವುದರಲ್ಲಿ ಮುಂದಿದ್ದರು. ಆದರೆ ಮನೆಯಲ್ಲಿನ ಹೊಂದಾಣಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಬಾಗಿಲು ಧಡ್ಡೆನ್ನುವುದು ಅಲ್ಲೇ ಎಂಬುದನ್ನು ಮರೆಯುವಂತಿಲ್ಲ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಬಿಹಾರದ ನಳಂದಾ ಜಿಲ್ಲೆಯ ಪ್ರಯೋಗ. ಮನೋವೈದ್ಯ ವಿಕ್ರಮ್ ಪಟೇಲ್ ಮತ್ತು ಸಂಗಾತ್ ಸಂಸ್ಥೆಯವರು ನಡೆಸಿ, 2018ರಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟಿಸಿದ್ದು. 74 ಶಾಲೆಗಳು, ಕೆಲವಕ್ಕೆ ಹೊರಗಿನಿಂದ ಬಂದ, ತರಬೇತಿ ಪಡೆದ ಸಾಮಾನ್ಯ ಆಪ್ತಸಮಾಲೋಚಕರು, ಕೆಲವಕ್ಕೆ ಅದೇ ಕೆಲಸಕ್ಕೆ ಅಲ್ಲಿನದೇ ಶಿಕ್ಷಕರು. ಹೊರಗಿನವರಿದ್ದ ಶಾಲೆಗಳ ವಾತಾವರಣ ಸುಧಾರಿಸಿತು. ಬೆದರಿಸಾಟ, ಹಿಂಸೆ, ಖಿನ್ನತೆ ಇಳಿದವು. ಶಿಕ್ಷಕರೇ ಮಾಡಿದ ಕಡೆ ಹೇಳಿಕೊಳ್ಳುವಂಥ ಫಲವಿರಲಿಲ್ಲ. ಬ್ರಿಟನ್ನಿನಲ್ಲೂ ಶಿಕ್ಷಕರೇ ಧ್ಯಾನ ಕಲಿಸಿದ ದೊಡ್ಡ ಪ್ರಯೋಗ 2022ರಲ್ಲಿ ಬರಿಗೈಯಲ್ಲಿ ಮುಗಿಯಿತು. ಶಿಕ್ಷಕರು ಕೆಟ್ಟವರೆಂದಲ್ಲ. ಅವರಿಗೆ ಪಾಠದ ಹೊರೆ ಇದೆ. ಅಲ್ಲದೆ ಇಂಟರ್ನಲ್ ಅಂಕ ಹಾಕುವವರ ಮುಂದೆ “ನನಗೆ ಆಗುತ್ತಿಲ್ಲ ಸರ್” ಎಂದು ಯಾವ ಮಗು ಬಾಯಿಬಿಡುತ್ತದೆ?

ಇಲ್ಲಿ ಸರ್ಕಾರದ ಏರ್ಪಾಡುಗಳು ಇಲ್ಲದಿಲ್ಲ. 2014ರ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದಡಿ ಸ್ನೇಹ ಕ್ಲಿನಿಕ್‌ಗಳು, ತಾಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರನ್ನು ಕಳಿಸುವ ಮನೋಚೈತನ್ಯ, ನಿಮ್ಹಾನ್ಸ್ ನೆರವಿನ ಯುವಸ್ಪಂದನ ಎಲ್ಲವೂ ಇವೆ. ಮೊದಲೆರಡಕ್ಕೆ ಶಾಲಾ ದಿನ ಬಿಟ್ಟು ಆಸ್ಪತ್ರೆಯ ಸಾಲಿನಲ್ಲಿ ಊರವರ ಕಣ್ಣೆದುರು ನಿಲ್ಲಬೇಕು, ಅಷ್ಟೆ. 2022ರ ಅಕ್ಟೋಬರ್ 10ರಂದು ಆರಂಭವಾದ ದೂರವಾಣಿ ನೆರವು ಟೆಲಿ ಮಾನಸ್‌ಗೆ ಆ ತೊಡಕಿಲ್ಲ: 14416ಕ್ಕೆ ಯಾವ ಹೊತ್ತಿಗೂ, ಕನ್ನಡದಲ್ಲೇ, ಹಣವಿಲ್ಲದೆ ಕರೆ ಮಾಡಬಹುದು. ಆದರೆ ವಸತಿ ಕಾಲೇಜುಗಳ ಹಾಸ್ಟೆಲುಗಳಲ್ಲಿ ಸಾಮಾನ್ಯವಾಗಿ ಮೊಬೈಲು ನಿಷಿದ್ಧ. ಹಾಗಾಗಿ ಅಲ್ಲಿನ ಹುಡುಗಿ ಈ ಸಂಖ್ಯೆಗೆ ಕರೆ ಮಾಡಬೇಕಾದರೆ ಮೊದಲು ವಾರ್ಡನ್ ಹತ್ತಿರ ಫೋನು ಕೇಳಬೇಕು, ಯಾಕೆಂದೂ ಹೇಳಬೇಕು.